ಓರೆ ತಿರುವಿನಲ್ಲಿ ಭಾರವಾಗುವ ಕಾರು

ರಸ್ತೆ ಒಳಕ್ಕೆ ಯಾಕೆ ವಾಲಿದೆ?

ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48 ವಂಟಮುರಿ ಘಾಟ್ ದಾಟಿ, ಯಮಕನಮರಡಿ, ಹತ್ತರಗಿ ಹಾದು, ಹುಕ್ಕೇರಿ ತಾಲೂಕಿನ ಸಂಕೇಶ್ವರ ಮುಟ್ಟುತ್ತದೆ. ಈ ದಾರಿಯ ಯಾವುದಾದರೂ ತಿರುವಿನಲ್ಲಿ ಡಾಂಬರಿನ ಮಟ್ಟ ಗಮನಿಸಿ. ತಿರುವಿನ ಹೊರ ಅಂಚು ಎತ್ತರ, ಒಳ ಅಂಚು ತಗ್ಗು. ಮಳೆಗಾಲದಲ್ಲಿ ಇದು ಎದ್ದು ಕಾಣುತ್ತದೆ. ನೀರೆಲ್ಲ ಹೊರಗಿನಿಂದ ಒಳಗೆ ಇಳಿದು ಬರುತ್ತದೆ. ಗೋಕಾಕ ತಾಲೂಕಿನ ಘಟಪ್ರಭಾ ನಿಲ್ದಾಣದ ಮೇಲೆ ಹಾಯುವ ಮೀರಜ್–ಲೋಂಡಾ ರೈಲು ಮಾರ್ಗದಲ್ಲೂ ಇದೇ ಏರ್ಪಾಟು. ತಿರುವು ಬಂದಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರಿಸಿ ಹಾಸಿರುತ್ತಾರೆ.

ಯಾಕೆ ಹೀಗೆ ಎಂದು ಗೋಕಾಕದ ಬಸ್ ಚಾಲಕರನ್ನೋ ಮೂಡಲಗಿಯ ಟ್ರ್ಯಾಕ್ಟರ್ ಮಾಲೀಕರನ್ನೋ ಕೇಳಿದರೆ ಉತ್ತರ ತಡವಾಗುವುದಿಲ್ಲ: "ತಿರುವಿನಾಗ ಗಾಡಿ ಹೊರಗ ಹೋಗಬಾರದರೀ, ಅದಕ್ಕ." ಈ ಉತ್ತರ ಸರಿ. ರಸ್ತೆ ಒಳಕ್ಕೆ ವಾಲಿದ್ದರೆ ಗಾಡಿಗೆ ತಿರುಗಲು ಆಸರೆ ಸಿಗುತ್ತದೆ. ನಾವೆಲ್ಲ ಇಷ್ಟನ್ನು ಬಲ್ಲೆವು.

ಈಗ ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡೋಣ. 2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಫಾರ್ಮುಲಾ ಒನ್ ರೇಸ್. ಇಪ್ಪತ್ತು ಕಾರುಗಳು ಸಿದ್ಧತೆಯ ಸುತ್ತು ಮುಗಿಸಿ ಬಂದವು. ಅವುಗಳಲ್ಲಿ ಹದಿನಾಲ್ಕು ಕಾರುಗಳು ರೇಸ್ ಶುರುವಾಗುವ ಮೊದಲೇ ಗ್ಯಾರೇಜಿಗೆ ತಿರುಗಿಬಿಟ್ಟವು. ಕಣದಲ್ಲಿ ಉಳಿದದ್ದು ಆರೇ ಆರು. ಅವುಗಳಲ್ಲೊಂದನ್ನು ಓಡಿಸುತ್ತಿದ್ದವರು ಕೊಯಮತ್ತೂರಿನ ನಾರಾಯಣ ಕಾರ್ತಿಕೇಯನ್. ಜೋರ್ಡನ್ ತಂಡದ ಕಾರಿನಲ್ಲಿ ಅವರು ನಾಲ್ಕನೆಯವರಾಗಿ ಗುರಿ ಮುಟ್ಟಿ, ಫಾರ್ಮುಲಾ ಒನ್‌ನಲ್ಲಿ ಅಂಕ ಗಳಿಸಿದ ಮೊದಲ ಭಾರತೀಯರಾದರು.

ಹದಿನಾಲ್ಕು ಕಾರುಗಳು ಹಿಂದೆ ಸರಿದದ್ದು ಒಂದೇ ಒಂದು ತಿರುವಿನ ಕಾರಣಕ್ಕೆ. ಆ ಮೈದಾನದ 13ನೇ ತಿರುವು ಒಳಕ್ಕೆ ವಾಲಿದ ಓರೆ ತಿರುವು. ಅಲ್ಲಿ ಮಿಶಲಿನ್ ಕಂಪನಿಯ ಟೈರುಗಳು ಸೋಲುತ್ತಿದ್ದವು. ಉಳಿದ ಸಪಾಟು ತಿರುವುಗಳಲ್ಲಿ ಅದೇ ಟೈರಿಗೆ ಏನೂ ತೊಂದರೆ ಇರಲಿಲ್ಲ.

ಓರೆ ಇರುವುದು ಟೈರಿಗೆ ಆಸರೆಯಾಗಲು. ಹಾಗಿದ್ದರೆ ಆಸರೆ ಸಿಕ್ಕ ಜಾಗದಲ್ಲೇ ಟೈರು ಯಾಕೆ ಸೋತಿತು? ಓರೆ ಮೈದಾನದಲ್ಲಿ ರೇಸಿಗೆ ಕಾರು ಹದ ಮಾಡುವ ವಿದ್ಯೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಕವಣೆಯ ಕಲ್ಲು

ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವವರ ಕೈಯಲ್ಲಿ ಕವಣೆ ಇರುತ್ತದೆ. ಅದರಲ್ಲಿಟ್ಟ ಕಲ್ಲು ಒಂದು ನಿಂಬೆಹಣ್ಣಿನಷ್ಟು. ಅಂಗೈಯಲ್ಲಿಟ್ಟರೆ ಭಾರವೇ ಅಲ್ಲ. ಅದನ್ನೇ ತಲೆಯ ಮೇಲೆ ಗರಗರ ಬೀಸಿದಾಗ ಹಗ್ಗ ಬಿಗಿದು ಮಣಿಕಟ್ಟನ್ನು ಜಗ್ಗುತ್ತದೆ. ಜೋರಾಗಿ ಬೀಸಿದಷ್ಟೂ ಜಗ್ಗಾಟ ಹೆಚ್ಚು. ಹಗ್ಗದ ಒಂದು ತುದಿ ಬಿಟ್ಟ ಕ್ಷಣವೇ ಕಲ್ಲು ತಾನು ಆಗ ಮುಖಮಾಡಿದ್ದ ದಿಕ್ಕಿಗೆ ನೆಟ್ಟಗೆ ಹಾರಿ ಹೋಗುತ್ತದೆ.

ಇದರಲ್ಲಿ ಎರಡು ಮಾತುಗಳಿವೆ. ಒಂದು, ಓಡುವ ವಸ್ತು ತಾನಾಗಿ ಎಂದೂ ತಿರುಗುವುದಿಲ್ಲ. ತಿರುಗಬೇಕಾದರೆ ಯಾರಾದರೂ ಅದನ್ನು ಒಳಕ್ಕೆ ಎಳೆಯುತ್ತಲೇ ಇರಬೇಕು. ಕಲ್ಲನ್ನು ಹಗ್ಗ ಎಳೆಯುತ್ತದೆ. ಎರಡು, ಈ ಎಳೆತ ವೇಗದ ಜೊತೆ ಬಹಳ ಬೇಗ ಏರುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು ಬೇಕು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಕಾರಿಗೆ ಹಗ್ಗವಿಲ್ಲ. ಅದನ್ನು ಒಳಕ್ಕೆ ಎಳೆಯಬೇಕಾದದ್ದು ನೆಲ. ನೆಲಕ್ಕೂ ಕಾರಿಗೂ ನಡುವೆ ಇರುವುದು ನಾಲ್ಕು ಟೈರುಗಳು ಮಾತ್ರ, ಅದರಲ್ಲೂ ಪ್ರತಿ ಟೈರಿನ ಅಂಗೈಯಗಲದ ಒಂದು ತುಂಡು. ಸಪಾಟು ರಸ್ತೆಯಲ್ಲಿ ಆ ತುಂಡು ರಬ್ಬರಿನ ಹಿಡಿತವೇ ಕವಣೆಯ ಹಗ್ಗ. ಹಿಡಿತ ತಪ್ಪಿತೆಂದರೆ ಕಾರು ಕಲ್ಲಿನಂತೆ ನೆಟ್ಟಗೆ ಹೋಗುತ್ತದೆ. ಹೊರಕ್ಕೆ ಯಾರೋ ತಳ್ಳಿದಂತೆ ನಮಗೆ ಅನಿಸುತ್ತದೆ. ನಿಜದಲ್ಲಿ ಒಳಗೆ ಎಳೆಯುವ ಕೈ ಸೋತಿರುತ್ತದೆ.

ನೆಲದ ಒತ್ತು ವಾಲಿದಾಗ

ಈಗ ಅಸಲು ಸಂಗತಿಗೆ ಬರೋಣ. ನಿಂತ ಕಾರನ್ನು ನೆಲ ಮೇಲಕ್ಕೆ ಒತ್ತಿ ಹಿಡಿದಿರುತ್ತದೆ. ಈ ಒತ್ತಿಗೆ ಒಂದು ನಿಯಮವಿದೆ: ಅದು ಯಾವಾಗಲೂ ನೆಲದ ಮೈಗೆ ನೆಟ್ಟಗೆ ಇರುತ್ತದೆ. ನೆಲ ಸಪಾಟಾಗಿದ್ದರೆ ಒತ್ತು ನೇರ ಆಕಾಶದ ಕಡೆ. ಅದರಿಂದ ತೂಕ ಹೊರುವ ಕೆಲಸವಾಗುತ್ತದೆ, ತಿರುಗಿಸುವ ಕೆಲಸಕ್ಕೆ ಅದು ಬಾರದು.

ನೆಲವನ್ನು ಒಳಕ್ಕೆ ವಾಲಿಸಿದರೆ ಒತ್ತೂ ಜೊತೆಗೇ ವಾಲುತ್ತದೆ. ಅದರ ಹೆಚ್ಚಿನ ಪಾಲು ಈಗಲೂ ಮೇಲಕ್ಕೇ, ಆದರೆ ಒಂದು ಪಾಲು ತಿರುವಿನ ಒಳಗಡೆಗೆ. ಈ ಒಳಪಾಲಿಗೆ ರಬ್ಬರಿನ ಹಿಡಿತ ಬೇಕಿಲ್ಲ. ರಸ್ತೆ ಒದ್ದೆಯಾಗಿರಲಿ, ಟೈರು ಸವೆದಿರಲಿ, ಅದು ಸಿಕ್ಕೇ ಸಿಗುತ್ತದೆ. ಹೆದ್ದಾರಿಯ ಓರೆ ನಮ್ಮನ್ನು ಕಾಯುವುದು ಹೀಗೆ. ರೇಸಿನವರು ಇದನ್ನು ಬ್ಯಾಂಕಿಂಗ್ ಎನ್ನುತ್ತಾರೆ, ನಾವು ಓರೆ ಎಂದೇ ಕರೆಯೋಣ.

ಆದರೆ ಈ ಸಹಾಯ ಪುಕ್ಕಟೆ ಅಲ್ಲ. ಸಪಾಟು ನೆಲದ ಮೇಲೆ ನೆಲದ ಒತ್ತು ಕಾರಿನ ತೂಕದಷ್ಟಿದ್ದರೆ ಸಾಕಿತ್ತು. ಓರೆಯ ಮೇಲೆ ಅದೇ ಒತ್ತು ತೂಕವನ್ನೂ ಹೊರಬೇಕು, ಕಾರನ್ನು ಒಳಕ್ಕೂ ನೂಕಬೇಕು. ಎರಡು ಕೆಲಸ ಮಾಡುವ ಒತ್ತು ಕಾರಿನ ತೂಕಕ್ಕಿಂತ ದೊಡ್ಡದಾಗಲೇಬೇಕು. ವೇಗ ಏರಿದಂತೆ ಅದು ಇನ್ನಷ್ಟು ದೊಡ್ಡದಾಗುತ್ತದೆ. ನೆಲ ಕಾರನ್ನು ಎಷ್ಟು ಒತ್ತುತ್ತದೋ ಟೈರು, ಸ್ಪ್ರಿಂಗು, ಕಾರಿನ ಮೈ ಅಷ್ಟನ್ನೂ ತಾಳಿಕೊಳ್ಳಬೇಕು. ಅವುಗಳ ಮಟ್ಟಿಗೆ ಕಾರು ಇದ್ದಕ್ಕಿದ್ದಂತೆ ಭಾರವಾದ ಹಾಗೆಯೇ. ಕವಣೆಯ ಕಲ್ಲು ಹಗ್ಗಕ್ಕೆ ಭಾರವಾದಂತೆ ಕಾರು ನೆಲಕ್ಕೆ ಭಾರವಾಗುತ್ತದೆ.

ಒಂದೇ ವಾಕ್ಯದಲ್ಲಿ ಹೇಳುವುದಾದರೆ: ಓರೆ ತಿರುವು ಅಡ್ಡ ಎಳೆತದ ಒಂದು ಭಾಗವನ್ನು ಭಾರವಾಗಿ ಮಾರ್ಪಡಿಸುತ್ತದೆ. ಟೈರಿನ ಜಾರುವ ಭಯ ಇಳಿಯುತ್ತದೆ, ಜಜ್ಜಿಹೋಗುವ ಭಯ ಏರುತ್ತದೆ. ಮುಂದೆ ಬರುವುದೆಲ್ಲ ಈ ಅದಲುಬದಲಿನ ಫಲ.

ಪ್ರತಿ ಓರೆಗೂ ಒಂದು ಹದವೇಗ

ಓರೆಯ ಸಹಾಯ ಎಷ್ಟಿರಬೇಕು ಎಂಬುದನ್ನು ವೇಗ ತೀರ್ಮಾನಿಸುತ್ತದೆ. ಯಾವುದೇ ಓರೆ ತಿರುವಿಗೆ ಒಂದು ವೇಗ ಇರುತ್ತದೆ. ಆ ವೇಗದಲ್ಲಿ ಹೋದರೆ ನೆಲದ ಒತ್ತಿನ ಒಳಪಾಲೇ ತಿರುಗಿಸಲು ಸರಿಯಾಗಿ ಸಾಕಾಗುತ್ತದೆ, ಟೈರಿಗೆ ಅಡ್ಡ ಕೆಲಸವೇ ಇರುವುದಿಲ್ಲ. ಇದನ್ನು ಹದವೇಗ ಎನ್ನೋಣ. ಅದಕ್ಕಿಂತ ಜೋರಾಗಿ ಹೋದರೆ ಕೊರತೆಯನ್ನು ಟೈರಿನ ಹಿಡಿತ ತುಂಬಬೇಕು. ನಿಧಾನವಾದರೆ ಉಲ್ಟಾ ಕಷ್ಟ: ಕಾರು ಇಳಿಜಾರಿನಲ್ಲಿ ಒಳಕ್ಕೆ ಜಾರದಂತೆ ಅದೇ ಟೈರು ತಡೆಯಬೇಕು.

ಹೆದ್ದಾರಿಯ ಓರೆ ಯಾಕೆ ಅಷ್ಟು ಸಣ್ಣದು ಎಂಬುದಕ್ಕೆ ಉತ್ತರ ಇಲ್ಲಿದೆ. ನವೆಂಬರಿನಿಂದ ಕಬ್ಬಿನ ಹಂಗಾಮು ಶುರುವಾದರೆ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತ, ಗೋಕಾಕ–ಮೂಡಲಗಿ ರಸ್ತೆಗಳಲ್ಲಿ ಜೋಡಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ಕಬ್ಬು ಆಳೆತ್ತರಕ್ಕೂ ಮೀರಿ ಪೇರಿಸಿರುತ್ತದೆ. ಭಾರದ ನಡುಬಿಂದು ಎತ್ತರದಲ್ಲಿ, ವೇಗ ಸೈಕಲ್ಲಿನಷ್ಟು. ಅದೇ ರಸ್ತೆಯಲ್ಲಿ ಕಾರುಗಳು ನೂರರ ವೇಗದಲ್ಲಿ ಹೋಗುತ್ತಿರುತ್ತವೆ. ಕಾರಿಗೆ ಹಿತವಾಗುವಷ್ಟು ಓರೆ ಕೊಟ್ಟರೆ ಕಬ್ಬಿನ ಟ್ರೇಲರ್ ಒಳಮಗ್ಗುಲಿಗೆ ಉರುಳುತ್ತದೆ. ಓರೆಯೇ ಬೇಡವೆಂದರೆ ಕಾರು ಹೊರಗೆ ಜಾರುತ್ತದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮ ಇದಕ್ಕೊಂದು ನಡುದಾರಿ ಹಿಡಿದಿದೆ. ರಸ್ತೆಯನ್ನು ಯಾವ ವೇಗಕ್ಕೆ ರೂಪಿಸಿದ್ದಾರೋ ಅದರ ಮುಕ್ಕಾಲು ಪಾಲನ್ನು ಹದವೇಗ ಎಂದು ಲೆಕ್ಕ ಹಾಕಬೇಕು, ಉಳಿದದ್ದನ್ನು ಟೈರಿನ ಹಿಡಿತಕ್ಕೆ ಬಿಡಬೇಕು. ಹಾಗೆ ಲೆಕ್ಕ ಹಾಕಿದರೂ ಬಯಲುಸೀಮೆಯ ರಸ್ತೆಯಲ್ಲಿ ಓರೆ ನೂರಕ್ಕೆ ಏಳನ್ನು ಮೀರಬಾರದು. ಅಂದರೆ ಪ್ರತಿ ಮೀಟರ್ ಅಗಲಕ್ಕೆ 7 ಸೆಂಟಿಮೀಟರ್ ಏರು. 7 ಮೀಟರ್ ಅಗಲದ ರಸ್ತೆಯಲ್ಲಿ ಹೊರ ಅಂಚು ಒಳ ಅಂಚಿಗಿಂತ ಅರ್ಧ ಮೀಟರಿನಷ್ಟು ಎತ್ತರ. ಕೋನದ ಲೆಕ್ಕದಲ್ಲಿ ಬರೀ ನಾಲ್ಕು ಡಿಗ್ರಿ. ಎತ್ತಿನ ಗಾಡಿಯಿಂದ ಹಿಡಿದು ಬಸ್ಸಿನವರೆಗೆ ಎಲ್ಲರಿಗೂ ಒಂದೇ ರಸ್ತೆ ಇರುವ ನಾಡಿಗೆ ಇದು ವಿವೇಕದ ನಿಯಮ.

ರೇಸ್ ಮೈದಾನಕ್ಕೆ ಈ ಹಂಗಿಲ್ಲ. ಅಲ್ಲಿ ನಿಧಾನವಾಗಿ ಹೋಗುವವರೇ ಇರುವುದಿಲ್ಲ.

ಡೇಟೋನಾದ ಲೆಕ್ಕ

ಮೋಟಾರು ರೇಸಿಗಾಗಿಯೇ ಕಟ್ಟಿದ ಓರೆ ಮೈದಾನಗಳ ಕಥೆ 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಿಂದ ಶುರು. ಕಾಂಕ್ರೀಟಿನ ಎರಡು ಮಹಾತಿರುವುಗಳನ್ನು ಅಲ್ಲಿ ಗೋಡೆಯಂತೆ ಎಬ್ಬಿಸಿದ್ದರು. ಎರಡೇ ವರ್ಷಕ್ಕೆ ಇಂಡಿಯಾನಾಪೊಲಿಸ್ ಬಂತು, ಓರೆ ಒಂಬತ್ತು ಡಿಗ್ರಿ ಚಿಲ್ಲರೆ. 1937ರಲ್ಲಿ ಬರ್ಲಿನ್ನಿನ ಆವುಸ್ ಮೈದಾನದ ಉತ್ತರ ತಿರುವನ್ನು 43 ಡಿಗ್ರಿಗೆ ಎತ್ತಿದರು. 1959ರಲ್ಲಿ ಬಿಲ್ ಫ್ರಾನ್ಸ್ ಎಂಬವರು ಅಮೆರಿಕದ ಫ್ಲಾರಿಡಾದಲ್ಲಿ ಡೇಟೋನಾ ಮೈದಾನ ತೆರೆದರು. ಅದರ ತಿರುವುಗಳು 31 ಡಿಗ್ರಿ. ಆ ಓರೆ ಎಬ್ಬಿಸಲು ಮೈದಾನದ ನಡುವಿನಿಂದಲೇ ಮಣ್ಣು ತೋಡಿದರು. ತೋಡಿದ ಗುಂಡಿ ಇವತ್ತು ಒಂದು ಕೆರೆ.

ಡೇಟೋನಾ ನಮಗೆ ಮುಖ್ಯವಾಗುವುದು ಅಲ್ಲಿ ಸ್ಪೋರ್ಟ್ಸ್ ಕಾರುಗಳೂ ಓಡುತ್ತವೆ ಎಂಬ ಕಾರಣಕ್ಕೆ. 1966ರಿಂದ ಅಲ್ಲಿ 24 ಗಂಟೆಗಳ ರೇಸ್ ನಡೆಯುತ್ತಿದೆ. ಈ ರೇಸಿನ ದಾರಿ ಬಹುಪಾಲು ಓರೆ ಮೈದಾನದ ಮೇಲೆ ಸಾಗುತ್ತದೆ, ನಡುವೆ ಒಳಗಿಳಿದು ಸಪಾಟಾದ ಬಿಗಿ ತಿರುವುಗಳನ್ನೂ ಸುತ್ತಿ ಬರುತ್ತದೆ. ಒಂದೇ ಸುತ್ತಿನಲ್ಲಿ ಎರಡು ಲೋಕ.

ಅಲ್ಲಿನ ಓರೆ ತಿರುವುಗಳ ಅರ್ಧವ್ಯಾಸ ಸುಮಾರು 300 ಮೀಟರ್. ಗಾಳಿಯ ಪರಿಣಾಮ ಬದಿಗಿಟ್ಟು ಲೆಕ್ಕ ಹಾಕೋಣ. ಹದವೇಗ ಗಂಟೆಗೆ 150 ಕಿಲೋಮೀಟರಿನ ಆಸುಪಾಸು ಬರುತ್ತದೆ. ಆ ವೇಗದಲ್ಲಿ ಟೈರು ಅಡ್ಡಕ್ಕೆ ಏನನ್ನೂ ಹಿಡಿಯಬೇಕಿಲ್ಲ.

ವೇಗ ಎರಡು ಪಟ್ಟಾಗಿ 300 ಮುಟ್ಟಿತು ಎನ್ನಿ. ಸಪಾಟು ರಸ್ತೆಯಾಗಿದ್ದರೆ ಇದೇ ತಿರುವಿಗೆ ಕಾರಿನ ತೂಕದ ಎರಡೂಕಾಲು ಪಟ್ಟಿಗೂ ಹೆಚ್ಚು ಅಡ್ಡ ಹಿಡಿತ ಬೇಕಿತ್ತು. ಬರೀ ರಬ್ಬರಿನಿಂದ ಅದು ಆಗದ ಮಾತು. ಓರೆಯ ಮೇಲೆ ಬೇಕಾಗುವ ಅಡ್ಡ ಹಿಡಿತ ಒಂದೂವರೆ ಪಟ್ಟಿಗೆ ಇಳಿಯುತ್ತದೆ, ನೆಲದ ಒತ್ತು ಮಾತ್ರ ಎರಡು ಪಟ್ಟಿಗೆ ಏರುತ್ತದೆ. ಭಾರ ಏರಿದರೆ ಹಿಡಿತವೂ ಏರುತ್ತದೆ. ಎರಡು ಪಟ್ಟು ಒತ್ತಿ ನಿಂತ ಟೈರಿಗೆ ಒಂದೂವರೆ ಪಟ್ಟು ಹಿಡಿಯುವುದು ಸಾಧ್ಯವಾಗುತ್ತದೆ. ಅಸಾಧ್ಯವಾದ ತಿರುವನ್ನು ಓರೆ ಸಾಧ್ಯವಾಗಿಸಿದ್ದು ಹೀಗೆ.

ಬೆಲೆ ಎಷ್ಟು? 1,250 ಕೆ.ಜಿ. ತೂಕದ ಸ್ಪೋರ್ಟ್ಸ್ ಕಾರು ಆ ಓರೆಯ ಮೇಲೆ 2,500 ಕೆ.ಜಿ. ಕಾರಿನಂತೆ ಕೂರುತ್ತದೆ. ತಿರುವು ಮುಗಿಯುವವರೆಗೆ ಬಿಡುವಿಲ್ಲದೆ, ಪ್ರತಿ ಸುತ್ತಿನಲ್ಲೂ ಮತ್ತೆ ಮತ್ತೆ, ಹಗಲು ರಾತ್ರಿ 24 ಗಂಟೆ.

ಮೊದಲು ಸ್ಪ್ರಿಂಗು

ಈ ಎರಡು ಪಟ್ಟು ಭಾರ ಮೊದಲು ತಾಗುವುದು ಸ್ಪ್ರಿಂಗುಗಳಿಗೆ. ಸಪಾಟು ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲುತ್ತದೆ: ಒಂದು ಬದಿ ತಗ್ಗಿದರೆ ಇನ್ನೊಂದು ಬದಿ ಏಳುತ್ತದೆ. ಓರೆಯ ಮೇಲೆ ಮುಖ್ಯವಾಗಿ ನಾಲ್ಕೂ ಮೂಲೆಗಳು ಒಟ್ಟಿಗೆ ತಗ್ಗುತ್ತವೆ, ಹೊರಗಿನವು ಒಂದಿಷ್ಟು ಹೆಚ್ಚು. ರೇಸ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಕೆಲವೇ ಬೆರಳಿನ ಅಂತರ. ಸ್ಪ್ರಿಂಗು ಮೆತ್ತಗಿದ್ದರೆ ಆ ಅಂತರ ಕರಗಿ ಕಾರಿನ ತಳ ಡಾಂಬರಿಗೆ ಉಜ್ಜುತ್ತದೆ. ತಳ ಉಜ್ಜಿದ ಜಾಗದಲ್ಲಿ ಭಾರವನ್ನು ಟೈರಿನ ಬದಲು ಕಾರಿನ ತಳವೇ ಹೊರತೊಡಗುತ್ತದೆ, ತಳಕ್ಕೆ ಹಿಡಿತವಿಲ್ಲ.

ಸ್ಪ್ರಿಂಗನ್ನು ಗಟ್ಟಿ ಮಾಡಿದರಾಯಿತಲ್ಲ ಎನ್ನಬಹುದು. ಪೂರ್ತಿ ಓರೆ ಮೈದಾನದಲ್ಲಷ್ಟೇ ಓಡುವ ಕಾರಿಗೆ ಹಾಗೆಯೇ ಮಾಡುತ್ತಾರೆ. ಡೇಟೋನಾದ ಸ್ಪೋರ್ಟ್ಸ್ ಕಾರು ಅರೆಗಳಿಗೆಯಲ್ಲಿ ಒಳಗಿನ ಸಪಾಟು ತಿರುವಿಗೆ ಇಳಿಯುತ್ತದೆ. ಅಲ್ಲಿ ಅದರ ಭಾರ ಮಾಮೂಲಿನಷ್ಟೇ. ಗಟ್ಟಿ ಸ್ಪ್ರಿಂಗಿನ ಮೇಲೆ ಟೈರು ಉಬ್ಬುತಗ್ಗುಗಳಿಗೆ ಜಿಗಿದು ಹಿಡಿತ ಬಿಡುತ್ತದೆ. ಆದ್ದರಿಂದ ಎರಡು ಹಂತದ ಉಪಾಯ: ಮೊದಲ ಒಂದಿಷ್ಟು ತಗ್ಗುವಿಕೆಗೆ ಮೆತ್ತನೆಯ ಸ್ಪ್ರಿಂಗು, ಅದು ಒಂದು ಮಟ್ಟಕ್ಕೆ ಇಳಿದ ಮೇಲೆ ಎದುರಾಗುವ ಗಟ್ಟಿ ರಬ್ಬರು. ಸಪಾಟಿನಲ್ಲಿ ಸ್ಪ್ರಿಂಗು ಮಾತ್ರ ದುಡಿಯುತ್ತದೆ, ಓರೆ ಏರಿದಾಗ ರಬ್ಬರು ಕೈ ಜೋಡಿಸುತ್ತದೆ. ಆ ರಬ್ಬರಿನ ದಪ್ಪವನ್ನು ಮಿಲಿಮೀಟರಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಮಾಡುವುದರಲ್ಲೇ ಎಂಜಿನಿಯರುಗಳ ಅಭ್ಯಾಸದ ದಿನಗಳು ಕಳೆಯುತ್ತವೆ.

ಹಿಂಬದಿಯ ರೆಕ್ಕೆಯ ವಿಚಾರವೂ ಹೀಗೆಯೇ. ರೆಕ್ಕೆ ಗಾಳಿಯಿಂದ ಕಾರನ್ನು ಒತ್ತಿ ಹಿಡಿತ ಕೊಡುತ್ತದೆ, ಬದಲಿಗೆ ನೇರ ದಾರಿಯ ವೇಗ ತಿನ್ನುತ್ತದೆ. ಓರೆಯೇ ಒತ್ತು ಕೊಡುವಲ್ಲಿ ರೆಕ್ಕೆಯನ್ನು ಚಪ್ಪಟೆ ಮಾಡಿದರೂ ನಡೆಯುತ್ತದೆ, ಒಳಗಿನ ತಿರುವಿನಲ್ಲಿ ಅದರ ಕೊರತೆ ಕಾಡುತ್ತದೆ. ಎಷ್ಟು ಬಿಟ್ಟು ಎಷ್ಟು ಪಡೆಯಬೇಕು ಎಂಬುದನ್ನು ಕೊನೆಗೆ ನಿರ್ಧರಿಸುವುದು ಗಡಿಯಾರ.

ಟೈರಿನ ಮೂರು ಬಿಸಿ

ಸ್ಪ್ರಿಂಗಿನಿಂದ ಭಾರ ಇಳಿಯುವುದು ಟೈರಿಗೆ. ಇಲ್ಲಿ ಎರಡು ವಿಷಯ ಹದಕ್ಕೆ ಬರಬೇಕು: ಹವಾ ಮತ್ತು ಚಕ್ರದ ವಾಲು.

ಹವಾ ಕಡಿಮೆಯಾದ ಟೈರಿನ ಮೇಲೆ ಭಾರ ಹೇರಿದರೆ ಅದರ ಮಗ್ಗುಲು ಉಬ್ಬುತ್ತದೆ. ಚಕ್ರ ಉರುಳಿದಂತೆ ಉಬ್ಬಿದ ಭಾಗ ಮೇಲೆ ಹೋಗಿ ನೆಟ್ಟಗಾಗುತ್ತದೆ, ಕೆಳಗೆ ಬಂದು ಮತ್ತೆ ಉಬ್ಬುತ್ತದೆ. 300ರ ವೇಗದಲ್ಲಿ ಇದು ಸೆಕೆಂಡಿಗೆ ನಲವತ್ತು ಸಲದ ಆಸುಪಾಸು. ಹಾಗೆ ಮಡಚಿ ಬಿಚ್ಚುವ ರಬ್ಬರು ಒಳಗೊಳಗೇ ಕಾಯುತ್ತದೆ. ಕಾದ ರಬ್ಬರು ಒಳಗಿನ ದಾರದ ಪದರಗಳನ್ನು ಬಿಟ್ಟುಕೊಡುತ್ತದೆ, ಟೈರು ಸಿಡಿಯುತ್ತದೆ. ಭಾರ ಎರಡು ಪಟ್ಟಾಗುವ ಜಾಗಕ್ಕೆ ಹೆಚ್ಚು ಹವಾ ಬೇಕು. ಆದರೆ ಹವಾ ಹೆಚ್ಚಾದಷ್ಟೂ ಸಪಾಟು ತಿರುವಿನಲ್ಲಿ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಹಿಡಿತ ಕುಗ್ಗುತ್ತದೆ. ಹವಾ ಇಳಿಸಿ ಓಡುವ ಆಸೆ ಎಲ್ಲ ತಂಡಗಳಿಗೂ ಇರುತ್ತದೆ. ಓರೆ ಮೈದಾನಗಳಲ್ಲಿ ಟೈರು ಕಂಪನಿಗಳು ಇದಕ್ಕಿಂತ ಕೆಳಗೆ ಇಳಿಸಬಾರದು ಎಂದು ಗೆರೆ ಎಳೆಯುವುದು ಅದಕ್ಕೇ.

ಎರಡನೆಯದು ವಾಲು. ರೇಸ್ ಕಾರನ್ನು ಮುಂದಿನಿಂದ ನೋಡಿದರೆ ಚಕ್ರಗಳ ತಲೆ ಒಳಕ್ಕೆ ಬಾಗಿರುವುದು ಕಾಣುತ್ತದೆ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ಸಪಾಟು ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಹೊರಗಿನ ಚಕ್ರ ನೆಟ್ಟಗಾಗಿ ಪೂರ್ತಿ ಅಗಲ ನೆಲಕ್ಕೆ ಕೂರಲಿ ಎಂದು ಈ ಮುಂಗಡ ಏರ್ಪಾಟು. ಓರೆಯ ಮೇಲೆ ಕಾರು ವಾಲುವುದಕ್ಕಿಂತ ಹೆಚ್ಚಾಗಿ ಕುಸಿಯುತ್ತದೆ. ಕುಸಿದಾಗ ಸಾಮಾನ್ಯವಾಗಿ ಚಕ್ರದ ತಲೆ ಇನ್ನಷ್ಟು ಒಳಕ್ಕೆ ಬಾಗುತ್ತದೆ. ಆಗ ಎರಡು ಪಟ್ಟು ಭಾರವೆಲ್ಲ ಟೈರಿನ ಒಳ ಅಂಚಿನ ಒಂದು ಪಟ್ಟಿಯ ಮೇಲೆ ಕೂರುತ್ತದೆ. ಆ ಪಟ್ಟಿ ಕಾದು ಗುಳ್ಳೆ ಏಳುತ್ತದೆ.

ಇದನ್ನು ಪತ್ತೆ ಹಚ್ಚುವ ಕ್ರಮ ನೋಡುವಂಥದ್ದು. ಅಭ್ಯಾಸದ ಸುತ್ತು ಮುಗಿಸಿ ಕಾರು ಬಂದು ನಿಂತ ಕೂಡಲೇ ಒಬ್ಬ ತಂತ್ರಜ್ಞ ಮಂಡಿಯೂರಿ ಸೂಜಿಮೊನೆಯ ಉಷ್ಣಮಾಪಕವನ್ನು ಟೈರಿನ ರಬ್ಬರಿಗೆ ಚುಚ್ಚುತ್ತಾನೆ. ಒಳ ಅಂಚು, ನಡು, ಹೊರ ಅಂಚು ಎಂದು ಟೈರಿಗೆ ಮೂರು ಕಡೆ, ನಾಲ್ಕು ಟೈರಿಗೆ ಹನ್ನೆರಡು ಅಂಕೆ. ಪಕ್ಕದಲ್ಲಿ ನಿಂತವನು ಬರೆದುಕೊಳ್ಳುತ್ತಾನೆ. ನಡು ಹೆಚ್ಚು ಬಿಸಿ ಇದ್ದರೆ ಹವಾ ಜಾಸ್ತಿ. ಎರಡೂ ಅಂಚು ಬಿಸಿಯಾಗಿ ನಡು ತಣ್ಣಗಿದ್ದರೆ ಹವಾ ಕಮ್ಮಿ. ಒಳ ಅಂಚು ಹೊರ ಅಂಚಿಗಿಂತ ಬಹಳ ಬಿಸಿ ಇದ್ದರೆ ವಾಲು ಅತಿಯಾಗಿದೆ. ಕಾರು ಕಣ್ಣಿಗೆ ಕಾಣದಷ್ಟು ದೂರದ ತಿರುವಿನಲ್ಲಿ ಏನು ಅನುಭವಿಸಿತು ಎಂಬುದನ್ನು ಈ ಹನ್ನೆರಡು ಅಂಕೆಗಳು ಹೇಳುತ್ತವೆ. ಬಿಸಿ ಆರುವ ಮೊದಲು ಅಳೆಯಬೇಕು, ಅಷ್ಟೇ ಅವಸರ.

ಎಡ ಬೇರೆ, ಬಲ ಬೇರೆ

ಅಮೆರಿಕದ ಓರೆ ಮೈದಾನಗಳಲ್ಲಿ ಕಾರುಗಳು ಎಡಕ್ಕೆ ಮಾತ್ರ ತಿರುಗುತ್ತವೆ. ಹಾಗಿದ್ದ ಮೇಲೆ ಕಾರಿನ ಎಡ ಬಲಗಳು ಸರಿಸಮ ಯಾಕಿರಬೇಕು? ಬಲಗಡೆ, ಅಂದರೆ ಹೊರಗಡೆ, ಸುತ್ತಳತೆ ಒಂದಿಷ್ಟು ದೊಡ್ಡದಾದ ಟೈರು ಹಾಕುತ್ತಾರೆ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದಾರಿ ಸವೆಸುವುದರಿಂದ ಕಾರು ತಾನಾಗಿಯೇ ಎಡಕ್ಕೆ ಹೊರಳಲು ನೋಡುತ್ತದೆ. ಚಾಲಕ ಸ್ಟೀರಿಂಗಿನೊಂದಿಗೆ ಗುದ್ದಾಡಬೇಕಿಲ್ಲ. ಬಲಗಡೆಯ ಚಕ್ರಗಳ ತಲೆ ಒಳಕ್ಕೆ, ಎಡಗಡೆಯವುಗಳ ತಲೆ ಹೊರಕ್ಕೆ ಬಾಗಿರುತ್ತವೆ, ಅಂದರೆ ನಾಲ್ಕೂ ಒಂದೇ ದಿಕ್ಕಿಗೆ. ನಾಲ್ಕು ಚಕ್ರಗಳ ಅಡಿಯಲ್ಲಿ ನಾಲ್ಕು ತೂಕಯಂತ್ರ ಇಟ್ಟು, ಯಾವ ಮೂಲೆ ಎಷ್ಟು ಹೊರಬೇಕೆಂದು ಸ್ಪ್ರಿಂಗಿನ ತಿರುಪು ತಿರುಗಿಸಿ ಹೊಂದಿಸುತ್ತಾರೆ. ಒಂದು ಮೂಲೆಗೆ ಭಾರ ಹೆಚ್ಚಿಸಿದರೆ ಅದರ ಕರ್ಣದ ಎದುರು ಮೂಲೆಗೂ ಹೆಚ್ಚುತ್ತದೆ. ಕಾರಿನ ಮೂಗು ಹೊರಗೆ ಜಾರುತ್ತಿದೆಯೋ ಬಾಲ ಜಾರುತ್ತಿದೆಯೋ ನೋಡಿಕೊಂಡು ಈ ಕರ್ಣಭಾರವನ್ನು ತಿದ್ದುತ್ತಾರೆ.

ಸ್ಪೋರ್ಟ್ಸ್ ಕಾರಿಗೆ ಈ ಸೌಲಭ್ಯ ಅಷ್ಟಿಲ್ಲ. ಒಳಗಿನ ದಾರಿಯಲ್ಲಿ ಅದು ಬಲಕ್ಕೂ ತಿರುಗಬೇಕು, ಬ್ರೇಕ್ ಹಾಕಿದಾಗ ನೆಟ್ಟಗೆ ನಿಲ್ಲಬೇಕು. ಎಡಕ್ಕೆ ಕೊಟ್ಟ ಲಾಭವೆಲ್ಲ ಬಲಕ್ಕೆ ನಷ್ಟ. ಡೇಟೋನಾದಲ್ಲಿ ಗೆಲ್ಲುವ ಕಾರು ಯಾವ ಒಂದು ತಿರುವಿನಲ್ಲೂ ಅತ್ಯುತ್ತಮವಾಗಿ ಇರಬೇಕಿಲ್ಲ. ಎರಡೂ ಬಗೆಯ ತಿರುವಿನಲ್ಲಿ ಟೈರನ್ನು ಉಳಿಸಿಕೊಂಡು ಬಂದರೆ ಸಾಕು.

ಚಾಲಕನೂ ಭಾರವಾಗುತ್ತಾನೆ

ಇಲ್ಲಿಯವರೆಗೆ ಯಂತ್ರದ ಮಾತಾಯಿತು. ಕಾರಿನ ಜೊತೆ ಒಳಗೆ ಕುಳಿತ ಮನುಷ್ಯನೂ ಭಾರವಾಗುತ್ತಾನೆ. ಅವನ ತಲೆ, ಹೊಟ್ಟೆ, ರಕ್ತ ಎಲ್ಲವೂ.

2001ರ ಏಪ್ರಿಲ್ 29ರಂದು ಅಮೆರಿಕದ ಟೆಕ್ಸಸ್ ಮೋಟಾರ್ ಸ್ಪೀಡ್‌ವೇಯಲ್ಲಿ ಕಾರ್ಟ್ ಸರಣಿಯ ರೇಸ್ ನಡೆಯಬೇಕಿತ್ತು. ಆಗ ಅಲ್ಲಿನ ಓರೆ 24 ಡಿಗ್ರಿ ಇತ್ತು. ಅಭ್ಯಾಸದಲ್ಲಿ ಕಾರುಗಳು ಗಂಟೆಗೆ 370 ಕಿಲೋಮೀಟರ್ ದಾಟಿ ಓಡಿದವು. ಕೆಳಗಿಳಿದ ಚಾಲಕರಲ್ಲಿ ಹೆಚ್ಚಿನವರಿಗೆ ತಲೆಸುತ್ತು, ಕಣ್ಣು ಮಂಜು, ನಿಂತ ನೆಲ ತೂಗಿದ ಅನುಭವ. ತೂಕದ ಐದು ಪಟ್ಟಿನಷ್ಟು ಒತ್ತಡವನ್ನು ಅವರ ದೇಹ ಪ್ರತಿ ಸುತ್ತಿನಲ್ಲೂ ಹಲವು ಸೆಕೆಂಡು ತಾಳುತ್ತಿತ್ತು. ಕಾರುಗಳು ಸರಿಯಾಗಿದ್ದವು, ಟೈರುಗಳು ಸರಿಯಾಗಿದ್ದವು, ಮನುಷ್ಯ ತಡೆಯಲಾರದಾದ. ಸಂಘಟಕರು ರೇಸ್ ರದ್ದು ಮಾಡಿದರು. ಅದು ಸರಿಯಾದ ತೀರ್ಮಾನವೇ. ಅಷ್ಟು ವೇಗದಲ್ಲಿ ಒಬ್ಬ ಚಾಲಕನಿಗೆ ಪ್ರಜ್ಞೆ ತಪ್ಪಿದ್ದರೂ ಅನಾಹುತ ಅವನೊಬ್ಬನಿಗೇ ಮುಗಿಯುತ್ತಿರಲಿಲ್ಲ.

13ನೇ ತಿರುವಿನ ಒಗಟು ಬಿಡಿಸಿದಾಗ

ಇಷ್ಟು ಸಾಮಗ್ರಿ ಕೈಯಲ್ಲಿಟ್ಟುಕೊಂಡು 2005ರ ಇಂಡಿಯಾನಾಪೊಲಿಸ್ ನೋಡೋಣ. ಫಾರ್ಮುಲಾ ಒನ್‌ಗೆ ಹಳೆಯ ಓರೆ ಮೈದಾನದ ಒಂದು ತುಂಡನ್ನು ಬಳಸಿ, ಅದನ್ನು ಒಳಗಿನ ಸಪಾಟು ದಾರಿಗೆ ಜೋಡಿಸಿದ್ದರು. ಓರೆ ಮೈದಾನದ ರೇಸಿನಲ್ಲಿ ಎಡಕ್ಕೆ ತಿರುಗುವ ಜಾಗವೇ ಫಾರ್ಮುಲಾ ಒನ್‌ನಲ್ಲಿ ಉಲ್ಟಾ ದಿಕ್ಕಿನಿಂದ ಬರುವ 13ನೇ ತಿರುವು. ಬಲಕ್ಕೆ ತಿರುಗುವ ಆ ತಿರುವಿನಲ್ಲಿ ಭಾರವೆಲ್ಲ ಹೊರಗಿನ ಎಡಗಡೆಗೆ, ಕಾರನ್ನು ದೂಡುವ ಹಿಂಬದಿಯ ಚಕ್ರಕ್ಕೆ ಮತ್ತಷ್ಟು. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶುಮಾಕರ್ ಅವರ ಟೊಯೋಟ ಕಾರು ಅಲ್ಲಿ ಗೋಡೆಗೆ ಬಡಿಯಿತು. ಸೋತದ್ದು ಎಡಗಡೆಯ ಹಿಂದಿನ ಟೈರು.

ಅಲ್ಲಿನ ಒಂಬತ್ತು ಡಿಗ್ರಿ ಓರೆ ನೋಡಲು ಸಣ್ಣದು. ಆದರೆ ಆ ತಿರುವನ್ನು ಕಾರುಗಳು ಸುಮಾರು 300ರ ವೇಗದಲ್ಲಿ ಹಾಯುತ್ತಿದ್ದವು, ಅರ್ಧವ್ಯಾಸ 250 ಮೀಟರಿನ ಆಸುಪಾಸು. ಲೆಕ್ಕ ಹಾಕಿದರೆ ಓರೆಯಿಂದಲೇ ಕಾರಿನ ತೂಕದ ನೂರಕ್ಕೆ ನಲವತ್ತರಷ್ಟು ಹೆಚ್ಚಿನ ಭಾರ ಬೀಳುತ್ತದೆ. ಆ ಕಾಲದ ಕಾರಿನ ಕನಿಷ್ಠ ತೂಕ ಚಾಲಕನೂ ಸೇರಿ 600 ಕೆ.ಜಿ. ಅಂದರೆ ಸುಮಾರು 250 ಕೆ.ಜಿ. ಹೆಚ್ಚುವರಿ. ರೆಕ್ಕೆಗಳು ಗಾಳಿಯಿಂದ ಹೇರುವ ದೊಡ್ಡ ಒತ್ತಿನ ಮೇಲೆ ಇದು ಸೇರಬೇಕು. ಸಪಾಟು ಮೈದಾನಗಳ ಅಡ್ಡ ಎಳೆತಕ್ಕೆ ರೂಪಿಸಿದ ಟೈರಿನ ಮಗ್ಗುಲು ಈ ಮೇಲ್ಭಾರಕ್ಕೆ ಮಡಚಿಕೊಂಡಿತು. ಆ ವರ್ಷದ ನಿಯಮವೂ ಕಠಿಣವಾಗಿತ್ತು: ಅರ್ಹತಾ ಸುತ್ತಿಗೂ ರೇಸಿಗೂ ಒಂದೇ ಜೋಡಣೆಯ ಟೈರು.

ತಮ್ಮ ಟೈರು ಆ ತಿರುವಿನಲ್ಲಿ ಪೂರ್ತಿ ವೇಗಕ್ಕೆ ಸುರಕ್ಷಿತವಲ್ಲ ಎಂದು ಮಿಶಲಿನ್ ತಂಡಗಳಿಗೆ ತಿಳಿಸಿತು. ತಿರುವಿಗೆ ಮೊದಲು ವೇಗ ತಗ್ಗಿಸುವ ಅಡ್ಡತಿರುವು ಹಾಕಿ ಎಂಬ ಬೇಡಿಕೆಯನ್ನು ಅಂತರರಾಷ್ಟ್ರೀಯ ಮೋಟಾರು ಒಕ್ಕೂಟ ಒಪ್ಪಲಿಲ್ಲ. ಬ್ರಿಜ್‌ಸ್ಟೋನ್ ಟೈರಿನ ಫೆರಾರಿ, ಜೋರ್ಡನ್, ಮಿನಾರ್ಡಿ ತಂಡಗಳು ಮಾತ್ರ ಓಡಿದವು. ಬ್ರಿಜ್‌ಸ್ಟೋನ್‌ನ ಒಡೆತನದ ಫೈರ್‌ಸ್ಟೋನ್ ಅದೇ ಓರೆ ಮೈದಾನದ ರೇಸುಗಳಿಗೆ ಟೈರು ಒದಗಿಸುತ್ತಿತ್ತು. ಆ ನೆಲ ಎಷ್ಟು ಭಾರ ಹೇರುತ್ತದೆ ಎಂಬ ಅನುಭವ ಅವರ ಮನೆಯಲ್ಲೇ ಇತ್ತು.

ಓರೆ ಮೋಸ ಮಾಡಲಿಲ್ಲ. ಅದು ಅಡ್ಡ ಎಳೆತ ಇಳಿಸಿ ಭಾರ ಏರಿಸುವ ತನ್ನ ಕೆಲಸ ಮಾಡಿತು. ಟೈರು ಬೇರೆ ಕೆಲಸಕ್ಕೆ ಸಿದ್ಧವಾಗಿ ಬಂದಿತ್ತು.

ಎಲ್ಲ ವೇಗಕ್ಕೂ ಜಾಗ ಕೊಡುವ ತಿರುವು

ಒಂದು ಓರೆಗೆ ಒಂದೇ ಹದವೇಗ ಎಂದೆವು. ಹಾಗಿದ್ದರೆ ಬೇರೆ ಬೇರೆ ವೇಗದ ಕಾರುಗಳಿಗೆ ಹೊಂದುವ ತಿರುವು ಕಟ್ಟಲಾಗದೆ? ಕಟ್ಟಬಹುದು. ಅಡ್ಡ ಸೀಳಿ ನೋಡಿದರೆ ಹಲಗೆಯಂತೆ ನೆಟ್ಟಗಿರುವ ಬದಲು ಹೊರಗೆ ಹೋದಂತೆ ಕಡಿದಾಗುತ್ತಾ ಹೋಗುವ ತಿರುವು ಕಟ್ಟಿದರಾಯಿತು. ನಿಧಾನದವರು ಒಳಗಿನ ಸೌಮ್ಯ ಓರೆಯಲ್ಲಿ, ವೇಗದವರು ಮೇಲಿನ ಕಡಿದಾದ ಓರೆಯಲ್ಲಿ ಹೋಗಬಹುದು.

ನೆದರ್ಲೆಂಡ್ಸ್‌ನ ಜಾಂಡ್‌ವೋರ್ಟ್ ಮೈದಾನವನ್ನು ಹೊಸದಾಗಿ ಕಟ್ಟಿದಾಗ ಮೂರನೇ ತಿರುವಿಗೆ ಇದೇ ರೂಪ ಕೊಟ್ಟರು. ಮೇಲಂಚಿನಲ್ಲಿ ಓರೆ ಸುಮಾರು 19 ಡಿಗ್ರಿ. 2021ರಲ್ಲಿ ಫಾರ್ಮುಲಾ ಒನ್ ಅಲ್ಲಿಗೆ ಮರಳಿದಾಗ ಹಲವು ಚಾಲಕರು ಹತ್ತಿರದ ಒಳದಾರಿ ಬಿಟ್ಟು, ಉದ್ದವಾದರೂ ಮೇಲಿನ ದಾರಿ ಹಿಡಿದರು. ಅಲ್ಲಿ ಓರೆಯ ಆಸರೆ ಹೆಚ್ಚು, ತಿರುವಿನಿಂದ ಹೊರಬೀಳುವ ವೇಗವೂ ಹೆಚ್ಚು. ಕೊನೆಯ ತಿರುವಿನ ಓರೆಯೂ 18 ಡಿಗ್ರಿ. ಈ ಬಾರಿ ಟೈರು ಕಂಪನಿ ಓರೆಯ ಭಾರವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿತ್ತು. ರೇಸ್ ಪೂರ್ಣ ಸಂಖ್ಯೆಯ ಕಾರುಗಳೊಂದಿಗೆ ಶುರುವಾಯಿತು.

ಓರೆ ಮೈದಾನಕ್ಕೆ ಕಾರು ಒಯ್ಯುವ ಎಂಜಿನಿಯರು ಮೊದಲು ಕೇಳಬೇಕಾದ ಪ್ರಶ್ನೆಯೂ ಇಷ್ಟರಲ್ಲೇ ಇದೆ. ಎಷ್ಟು ವೇಗವಾಗಿ ತಿರುಗಬಹುದು ಎಂಬುದನ್ನು ಆಮೇಲೆ ಕೇಳಬಹುದು. ಆ ವೇಗದಲ್ಲಿ ನನ್ನ ಕಾರು ಎಷ್ಟು ಭಾರವಾಗುತ್ತದೆ, ಆ ಭಾರವನ್ನು ಯಾವ ಟೈರು ಎಷ್ಟು ಹೊತ್ತು ಹೊರಬೇಕು ಎಂಬುದು ಮೊದಲ ಪ್ರಶ್ನೆ. ಅದರ ಉತ್ತರ ಸಿಕ್ಕರೆ ಸ್ಪ್ರಿಂಗಿನ ಗಟ್ಟಿತನ, ಚಕ್ರದ ವಾಲು, ಟೈರಿನ ಹವಾ, ಕರ್ಣಭಾರ ಎಲ್ಲವನ್ನೂ ಒಂದೊಂದಾಗಿ ಅದರಿಂದಲೇ ಹೊರಡಿಸಬಹುದು.